ನ್ಯಾಶ್‌ವಿಲ್‌ನಲ್ಲಿ ಮೊದಲ ಶನಿವಾರ

ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿ ಕಡೆ ರಾತ್ರಿಪಾಳಿ ಮಾಡುವ ನಮ್ಮವರು ಇಂಥ ಮಾತನ್ನೆಲ್ಲ ಕೇಳೋದು ಕಂಪನಿ ಕ್ಯಾಬ್‌ನಲ್ಲಿ ಕೂತು, ಅರ್ಧ ನಿದ್ದೆಯಲ್ಲಿ ಅಂತ ನನಗೆ ಗೊತ್ತು. ನಾನೂ ಹಾಗೇ ಕೇಳುವವನು. ಇವತ್ತು ಹೇಳೋದು 2024ರ ಅಕ್ಟೋಬರ್‌ನಲ್ಲಿ ಆಫೀಸ್ ಕೆಲಸದ ಮೇಲೆ ಅಮೆರಿಕದ ನ್ಯಾಶ್‌ವಿಲ್‌ಗೆ ಹೋದ ಕತೆ. ಎರಡು ವಾರದ ಕತೆ ಅಲ್ಲ, ಹೋದ ದಾರಿ ಮತ್ತು ಅಲ್ಲಿ ಕಳೆದ ಮೊದಲ ದಿನ, ಅಷ್ಟೇ.

ನ್ಯಾಶ್‌ವಿಲ್ ಅಂದ್ರೆ ಕಂಟ್ರಿ ಮ್ಯೂಸಿಕ್‌ನ ಊರು ಅಂತ ಎಲ್ಲರೂ ಹೇಳ್ತಾರೆ. ನಮಗೆ ಐರೋಲಿಯವರಿಗೆ ಅದು ಗಡಿಯಾರದಲ್ಲಿ ಪರಿಚಯ. ಅಲ್ಲಿ ಆಸ್ಪತ್ರೆ ನಡೆಸುವ ಕಂಪನಿಗಳು ಬಹಳ. ಆ ಆಸ್ಪತ್ರೆಗಳ ಬಿಲ್ಲು, ಇನ್ಶೂರೆನ್ಸ್ ಕ್ಲೇಮು, ಕ್ಲೇಮು ವಾಪಸ್ ಬಂದ್ರೆ ಅದರ ಹಿಂದೆ ಬೀಳುವ ಕೆಲಸ, ಇದನ್ನು ನಾನು ಒಂಬತ್ತು ವರ್ಷದಿಂದ ಮಾಡ್ತಿದ್ದೀನಿ. ಅಲ್ಲಿ ಬೆಳಿಗ್ಗೆ ಎಂಟು ಅಂದ್ರೆ ಇಲ್ಲಿ ಸಂಜೆ ಆರೂವರೆ. ಅಲ್ಲಿ ಸಂಜೆ ಐದು ಅಂದ್ರೆ ಇಲ್ಲಿ ಬೆಳಗಿನ ಜಾವ ಮೂರೂವರೆ. ನವೆಂಬರ್ ಬಂತು, ಅವರು ಗಡಿಯಾರ ಒಂದು ಗಂಟೆ ಹಿಂದಿಟ್ರು ಅಂದ್ರೆ ನಮ್ಮ ಪಾಳಿ ಒಂದು ಗಂಟೆ ಮುಂದಕ್ಕೆ, ಮನೆಗೆ ಬರುವಾಗ ಹಾಲಿನವನು ಎದುರಾಗ್ತಾನೆ. ಅಲ್ಲಿನ ಟೀಮಿನವರ ಮುಖ ಅಷ್ಟಾಗಿ ಗೊತ್ತಿಲ್ಲ. ದನಿ ಮಾತ್ರ ಮನೆಯವರದಷ್ಟೇ ಪರಿಚಯ. ಯಾರಿಗೆ ನೆಗಡಿ ಆಗಿದೆ ಅಂತ ಹಲೋದಲ್ಲೇ ತಿಳಿಯುತ್ತೆ.

ಈ ಸಲ ಹೋಗಿದ್ದು ಏನಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ. ಅಲ್ಲಿ ಆ ಕೆಲಸದ ಕಷ್ಟದ ಭಾಗ ಮಾಡುವವರು 11 ಜನ ಇದ್ದರು. ಅವರ ಪಕ್ಕ ಕೂತು ಅದನ್ನು ಕಲಿತು ಐರೋಲಿಗೆ ತರೋದು. ಆಫೀಸ್ ಭಾಷೆಯಲ್ಲಿ ಟ್ರಾನ್ಸಿಷನ್ ಅಂತಾರೆ. ಆ 11 ಜನರಿಗೂ ಸೆಪ್ಟೆಂಬರ್‌ನಲ್ಲೇ ವಿಷಯ ತಿಳಿಸಿ ಆಗಿತ್ತು.

ಗುರುವಾರ ಸಂಜೆ ಏಳೂವರೆಗೆ ಡೊಂಬಿವಲಿ ಪೂರ್ವದಿಂದ ಟ್ಯಾಕ್ಸಿ. ಮಾನ್ಪಾಡಾ ರೋಡ್ ದಾಟಿ ಕಲ್ಯಾಣ್-ಶಿಳ್ ರಸ್ತೆಗೆ ಬಿದ್ದ ಮೇಲೆ ಶಿಳ್‌ಫಾಟಾ ತನಕ ಗಾಡಿ ತೆವಳಿದ್ದೇ ಬಂತು. ನನ್ನ ಆಫೀಸಿನ ಪಕ್ಕದಿಂದಲೇ ಹಾದು, ಐರೋಲಿ ಸೇತುವೆ ಮೇಲೆ ಮುಲುಂಡ್, ಆಮೇಲೆ ಪೊವಾಯಿ, ಅಂಧೇರಿ. ವಿಮಾನ ನಿಲ್ದಾಣದೊಳಗೆ ಹೋಗುವ ಹೊತ್ತಿಗೆ ಹತ್ತು ದಾಟಿತ್ತು. ಮುಂಬಯಿಯಿಂದ ನ್ಯಾಶ್‌ವಿಲ್‌ಗೆ ನೇರ ವಿಮಾನ ಇಲ್ಲ. ರಾತ್ರಿ ಒಂದರ ಸುಮಾರಿಗೆ ಹೊರಟು ನ್ಯೂವಾರ್ಕ್ ತನಕ ಹದಿನೈದೂವರೆ ಗಂಟೆ. ಮೂರು ಸೀಟಿನ ನಡುವಿನದ್ದು ನನ್ನದು. ಎಡಗಡೆ ಮೊಮ್ಮಗುವಿನ ಬಾಣಂತನಕ್ಕೆ ಹೊರಟ ಗುಜರಾತಿ ಅಜ್ಜಿ, ಬಲಗಡೆ ಒಬ್ಬ ಹುಡುಗ, ಸೀಟ್‌ಬೆಲ್ಟ್ ಹಾಕುವ ಮೊದಲೇ ನಿದ್ದೆ. ಅಜ್ಜಿ ಥೇಪ್ಲಾ ಕೊಟ್ಟರು, ಅದು ಆ ಪ್ರಯಾಣದ ಒಳ್ಳೆಯ ಊಟ. ಕಾಲು ಊದಿ ಬೂಟು ಬಿಗಿಯಾಗಿದ್ದು ಬಿಟ್ಟರೆ ಉಳಿದದ್ದು ಹೇಳುವಂಥದ್ದೇನಿಲ್ಲ.

ಮೊದಲ ಸಲ ಹೋಗುವವರಿಗೆ ಒಂದು ಮಾತು. ಅಮೆರಿಕದಲ್ಲಿ ಮೊದಲು ಎಲ್ಲಿ ಇಳೀತೀರೋ ಇಮಿಗ್ರೇಷನ್ ಅಲ್ಲೇ. ಬ್ಯಾಗ್ ನ್ಯಾಶ್‌ವಿಲ್ ತನಕ ಅಂತ ಚೀಟಿ ಅಂಟಿಸಿದ್ರೂ ಸಾಮಾನ್ಯವಾಗಿ ಅಲ್ಲೇ ಬೆಲ್ಟಿನಿಂದ ಎತ್ತಿ, ಕಸ್ಟಮ್ಸ್ ದಾಟಿಸಿ, ಮತ್ತೆ ಹಾಕಬೇಕು. ಇದಕ್ಕೆ ನನಗೆ ಎರಡು ಗಂಟೆ ಹಿಡೀತು. ಮುಂದಿನ ವಿಮಾನ ಹನ್ನೊಂದಕ್ಕೆ ಅಂದಿದ್ದು ಹನ್ನೆರಡೂವರೆ ಆಯ್ತು, ಎರಡಾಯ್ತು, ಕೊನೆಗೆ ಮೂರಕ್ಕೆ ಹೊರಟಿತು. ನ್ಯಾಶ್‌ವಿಲ್ ನ್ಯೂವಾರ್ಕ್‌ಗಿಂತ ಒಂದು ಗಂಟೆ ಹಿಂದೆ, ಹಾಗಾಗಿ ಇಳಿದಾಗ ಶುಕ್ರವಾರ ಸಂಜೆ ನಾಲ್ಕೂವರೆ. ಹೋಟೆಲ್ ತಲುಪುವಾಗ ಮನೆ ಬಿಟ್ಟು ಮೂವತ್ತೆರಡೂವರೆ ಗಂಟೆ ಆಗಿತ್ತು.

ಅಲ್ಲಿನ ವಿಮಾನ ನಿಲ್ದಾಣದೊಳಗೆ ವೇದಿಕೆ ಇದೆ. ಗೇಟಿನ ಹತ್ತಿರ ಒಬ್ಬ ಗಿಟಾರ್ ಹಿಡಿದು ಹಾಡ್ತಿದ್ದ, ಜನ ಬ್ಯಾಗ್ ಎಳೆದುಕೊಂಡು ಹೋಗ್ತಿದ್ರು. ಯಾರೂ ನಿಲ್ಲಲಿಲ್ಲ. ಅವನಿಗೂ ಬೇಜಾರಿದ್ದಂತೆ ಕಾಣಲಿಲ್ಲ.

ಇನ್ನು ಜೆಟ್‌ಲ್ಯಾಗ್. ಹೋದವರೆಲ್ಲ ಹೆದರಿಸಿದ್ರು. ಆದ್ರೆ ನೋಡಿ ಮಾರಾಯ್ರೆ, ಮೈಯೆಲ್ಲ ನೋವಿದ್ರೂ ರಾತ್ರಿ ಹತ್ತಕ್ಕೆ ಮಲಗಿದವನಿಗೆ ಬೆಳಿಗ್ಗೆ ಆರಕ್ಕೆ ಸರಿಯಾಗಿ ಎಚ್ಚರ ಆಯ್ತು. ಹಗಲೆಲ್ಲ ಆಕಳಿಕೆ ಇಲ್ಲ. ಒಂಬತ್ತು ವರ್ಷದಿಂದ ನನ್ನ ಶರೀರ ನ್ಯಾಶ್‌ವಿಲ್ ಗಡಿಯಾರದಲ್ಲೇ ಓಡ್ತಾ ಇತ್ತಲ್ಲ. ಡೊಂಬಿವಲಿಯಲ್ಲಿ ಹಗಲಿಗೆ ಕರ್ಟನ್ ಎಳೆದು, ಕಿವಿಗೆ ಹತ್ತಿ ಇಟ್ಟು ಮಲಗುವವನು ಇಲ್ಲಿ ಎಲ್ಲರ ಜೊತೆ ಎದ್ದು ಎಲ್ಲರ ಜೊತೆ ತಿಂಡಿ ತಿಂದೆ. ಎಷ್ಟೋ ವರ್ಷಕ್ಕೆ ಹಗಲಿನ ಮನುಷ್ಯ ಆಗಿದ್ದೆ. ಖುಷಿಯೂ ಆಯ್ತು, ಸ್ವಲ್ಪ ಸಿಟ್ಟೂ ಬಂತು.

ಶನಿವಾರ ಊರು ತೋರಿಸಲು ಬಂದವರು ಅಲ್ಲಿನ ಟೀಮ್ ಲೀಡ್. ಹೆಸರು ಬೇಡ. ಅರವತ್ತರ ಹತ್ತಿರದ ಹೆಂಗಸು, ಅದೇ ಕೆಲಸದಲ್ಲಿ 26 ವರ್ಷ. ನನಗೆ ಕ್ಲೇಮಿನ ಎಬಿಸಿಡಿ ಫೋನಿನಲ್ಲೇ ಕಲಿಸಿದವರು. ಅವರ ಕೆಲಸ ತಗೊಂಡು ಹೋಗಲು ಬಂದವನನ್ನು ಅವರೇ ಕಾರಲ್ಲಿ ಕೂರಿಸಿಕೊಂಡು ಹೊರಟರು. ನಾನು ಮುಜುಗರದಲ್ಲಿ ಕಿಟಕಿ ಕಡೆ ನೋಡ್ತಾ ಕೂತಿದ್ದೆ. ಆಕೆ ಮಾತಾಡ್ತಾನೇ ಇದ್ದರು.

ಮೊದಲು ರೈಮನ್ ಆಡಿಟೋರಿಯಂ. ಕೆಂಪು ಇಟ್ಟಿಗೆಯ ಕಟ್ಟಡ, ಹೊರಗಿನಿಂದ ಚರ್ಚಿನ ಹಾಗೆ, ಯಾಕಂದ್ರೆ ಅದು ಪ್ರಾರ್ಥನಾ ಮಂದಿರವೇ ಆಗಿತ್ತು. ಟಾಮ್ ರೈಮನ್ ಅಂತ ನದಿಯಲ್ಲಿ ಹಡಗುಗಳನ್ನು ಓಡಿಸ್ತಿದ್ದ ವ್ಯಾಪಾರಿ. 1885ರಲ್ಲಿ ಸ್ಯಾಮ್ ಜೋನ್ಸ್ ಅನ್ನುವ ಪ್ರಚಾರಕನ ಪ್ರವಚನ ಕೇಳಿ ಮನಸ್ಸು ತಿರುಗಿ, ಇಂಥ ಪ್ರವಚನಕ್ಕೆ ದೊಡ್ಡ ಜಾಗ ಬೇಕು ಅಂತ ಕಟ್ಟಿಸಿದ್ದು, 1892ರಲ್ಲಿ ಮುಗೀತು. ಈಗಲೂ ಕೂರೋದು ಚರ್ಚಿನ ಮರದ ಬೆಂಚುಗಳ ಮೇಲೇ. ವಿಮಾನದಲ್ಲಿ ಕೂತ ಬೆನ್ನಿಗೆ ಅದು ಹಿತ ಅಲ್ಲ. ಆದ್ರೆ ವೇದಿಕೆ ಮೇಲೆ ಒಬ್ಬ ತಾಂತ್ರಿಕ ಸಿಬ್ಬಂದಿ ಮೈಕ್ ಇಲ್ಲದೆ ಮಾತಾಡಿದ್ದು ಹಿಂದಿನ ಸಾಲಿನ ನಮಗೆ ಸ್ಪಷ್ಟ ಕೇಳಿಸ್ತು.

1943ರಿಂದ 1974ರ ತನಕ ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಶನಿವಾರದ ಕಾರ್ಯಕ್ರಮ ಇಲ್ಲೇ ನಡೀತಿತ್ತು. ಅದರ ಹುಟ್ಟು ಕೇಳಿ ನನಗೆ ನಗು ಬಂತು. ಅದನ್ನು ಶುರು ಮಾಡಿದ್ದು ಒಂದು ಇನ್ಶೂರೆನ್ಸ್ ಕಂಪನಿ! ನ್ಯಾಷನಲ್ ಲೈಫ್ ಅಂತ. ಅವರು 1925ರಲ್ಲಿ ಡಬ್ಲ್ಯುಎಸ್‌ಎಂ ಅನ್ನುವ ರೇಡಿಯೊ ಸ್ಟೇಷನ್ ತೆರೆದರು. ಆ ಮೂರು ಅಕ್ಷರ ಕಂಪನಿಯ ಘೋಷಣೆಯದ್ದು, ಲಕ್ಷಾಂತರ ಜನಕ್ಕೆ ನಾವು ರಕ್ಷೆ ಅನ್ನುವ ಅರ್ಥದ್ದು. ಅದೇ ವರ್ಷ ನವೆಂಬರ್ 28ಕ್ಕೆ ಎಪ್ಪತ್ತು ದಾಟಿದ ಅಂಕಲ್ ಜಿಮ್ಮಿ ಥಾಂಪ್ಸನ್ ಅನ್ನುವವರು ಪಿಟೀಲು ಹಿಡಿದು ಮೈಕಿನ ಮುಂದೆ ಕೂತರು, ಹಳ್ಳಿ ಜನ ಹುಚ್ಚಾದರು. ಶನಿವಾರ ಹಾಡು ಕೇಳಿದ ಮನೆಯ ಬಾಗಿಲಿಗೆ ಏಜೆಂಟ್ ಹೋಗಿ ಪಾಲಿಸಿ ಮಾರುತ್ತಿದ್ದ. ಆಕೆ ಅಂದರು: ಈ ಊರಿನಲ್ಲಿ ಹಾಡೂ ಕ್ಲೇಮೂ ಶುರುವಿನಿಂದಲೇ ಒಂದೇ ಮನೆಯವು.

ಆಕೆಯ ಅಜ್ಜ ಕೆಂಟಕಿಯ ಗುಡ್ಡದಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರ. ಮನೆಗೆ ಕರೆಂಟ್ ಇಲ್ಲ, ರೇಡಿಯೊ ಬ್ಯಾಟರಿಯದ್ದು. ಬ್ಯಾಟರಿ ಖರ್ಚಾಗಬಾರದು ಅಂತ ವಾರವಿಡೀ ಹಚ್ಚುತ್ತಿರಲಿಲ್ಲ, ಶನಿವಾರ ರಾತ್ರಿ ಮಾತ್ರ ಅಕ್ಕಪಕ್ಕದವರೆಲ್ಲ ಬಂದು ಸುತ್ತ ಕೂರ್ತಿದ್ರಂತೆ. ಆಮೇಲೆ ಆಕೆಯ ತಾಯಿ ಕೆಲಸ ಹುಡುಕಿಕೊಂಡು ನ್ಯಾಶ್‌ವಿಲ್‌ಗೆ ಬಂದರು, ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದರು. ಈ ಹಾಡಿನಲ್ಲಿ ಯಾವಾಗಲೂ ರೈಲು, ಬಿಟ್ಟುಬಂದ ಮನೆ, ಅಮ್ಮ, ಇವೇ ಯಾಕೆ ಬರುತ್ತೆ ಅಂತ ನಾನು ಕೇಳಿದ್ದೆ. ಊರಲ್ಲೇ ಇರುವವನಿಗೆ ಊರಿನ ಹಾಡು ಯಾಕೆ ಬೇಕು, ಬಿಟ್ಟು ಬಂದವನಿಗೆ ಬೇಕು ಅಂದರು.

ಅದು ನನಗೆ ತಕ್ಷಣ ಅರ್ಥ ಆಯ್ತು. ನನ್ನ ತಂದೆ ಕಾರ್ಕಳ ಕಡೆಯಿಂದ ಹುಡುಗನಾಗಿ ಬಂದು ಠಾಣೆಯ ಹೋಟೆಲಿನಲ್ಲಿ ಟೇಬಲ್ ಒರೆಸಿದವರು, ರಾತ್ರಿ ಶಾಲೆಯಲ್ಲಿ ಓದಿದವರು. ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರ್ತಾರಲ್ಲ, ಆ ಆಟಕ್ಕೆ ತಪ್ಪದೆ ಹೋಗ್ತಿದ್ರು. ಊರಲ್ಲಿ ಇದ್ದಾಗ ಅಷ್ಟು ಯಕ್ಷಗಾನ ನೋಡಿದವನಲ್ಲ ನಾನು, ಡೊಂಬಿವಲಿಗೆ ಬಂದ ಮೇಲೇ ಹುಚ್ಚು ಹಿಡಿದದ್ದು ಅಂತ ಅವರೇ ಹೇಳ್ತಾರೆ. ಚೆಂಡೆ ಪೆಟ್ಟು ಬಿದ್ದ ಕೂಡಲೇ ಹಿಂದಿನ ಸಾಲಿನಲ್ಲಿ ಹೋಟೆಲ್ ಕೆಲಸದವರು ಎದ್ದು ನಿಲ್ತಿದ್ದದ್ದು ನನಗೂ ನೆನಪಿದೆ.

ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಕಿಟಕಿಗಳು ಪಿಯಾನೋ ಮನೆಗಳ ಹಾಗೆ ಕಾಣುವ ಕಟ್ಟಡ. ಎಲ್ವಿಸ್ ಪ್ರೆಸ್ಲಿಯ ಬಂಗಾರದ ಕ್ಯಾಡಿಲಾಕ್ ಕಾರಿನ ಮುಂದೆ ಫೋಟೊಕ್ಕೆ ಜನವೋ ಜನ. ಆಕೆ ನನ್ನನ್ನು ನೇರ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಡಿಫೋರ್ಡ್ ಬೈಲಿಯ ಕಂಚಿನ ಫಲಕದ ಮುಂದೆ. ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ, ಎಳವೆಯಲ್ಲಿ ಪೋಲಿಯೊ ಆಗಿ ದೇಹ ಕುಗ್ಗಿದವರು. ಬಾಯಿಯ ಹಾರ್ಮೋನಿಕಾದಲ್ಲೇ ರೈಲು ದೂರದಿಂದ ಬಂದು, ಸಿಳ್ಳೆ ಹಾಕಿ, ದಾಟಿ ಹೋಗುವುದನ್ನು ಕೇಳಿಸ್ತಿದ್ದರು. 1927ರಲ್ಲಿ ಒಂದು ಶನಿವಾರ, ಅದಕ್ಕೆ ಮೊದಲು ದೊಡ್ಡವರ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದಿತ್ತು. ಬೈಲಿ ರೈಲು ನುಡಿಸಿದ ಮೇಲೆ ನಿರೂಪಕ ಜಾರ್ಜ್ ಹೇ, ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದ್ರಿ, ಇದು ನಮ್ಮ ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಅರ್ಥದಲ್ಲಿ ತಮಾಷೆ ಮಾಡಿದ. ಆ ಹೆಸರೇ ನಿಂತಿತು. ಹೆಸರು ಹುಟ್ಟಿದ ಹೊತ್ತಿನಲ್ಲಿ ನುಡಿಸ್ತಿದ್ದ ಆ ಮನುಷ್ಯನನ್ನು 1941ರಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಅವರು ಇದೇ ಊರಲ್ಲಿ ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದರು, 1982ರಲ್ಲಿ ತೀರಿಕೊಂಡರು. ಈ ಫಲಕ ಬಂದದ್ದು 2005ರಲ್ಲಿ.

ಆ ಫಲಕದ ಎದುರು ನಾನು ಬಾಯಿಬಿಟ್ಟು ಕೇಳಿದೆ, ನಿಮಗೆ ನನ್ನ ಮೇಲೆ ಬೇಸರ ಇಲ್ವಾ ಅಂತ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇದೆ ಅಂದರು. ಸಾಲ ಇದೆ, ರಿಟೈರ್ ಆಗಲು ಇನ್ನೂ ಐದು ವರ್ಷ ಇದೆ, ಬೇಸರ ಇರೋದಿಲ್ವಾ? ಆದ್ರೆ ರಾತ್ರಿಯಿಡೀ ಎದ್ದಿದ್ದು ನನ್ನ ಫೋನ್ ಎತ್ತಿದವನು ನೀನು, ನಿರ್ಧಾರ ಮಾಡಿದವರು ನೀನಲ್ಲ. ಅಷ್ಟು ಹೇಳಿ, ಹಸಿವಾಯ್ತು ನಡಿ ಅಂದರು. ನಿಮಗೆ ಕುತೂಹಲ ಇರುತ್ತೆ, ಹಾಗಾಗಿ ಹೇಳ್ತೀನಿ: ಮಾರ್ಚ್‌ಗೆ ಕೆಲಸ ಪೂರ್ತಿ ಐರೋಲಿಗೆ ಬಂತು. ಆ 11 ಜನರಲ್ಲಿ ಮೂವರಿಗೆ ಬೇರೆ ವಿಭಾಗದಲ್ಲಿ ಜಾಗ ಸಿಕ್ಕಿತು. ಆಕೆಗೆ ಸಿಗಲಿಲ್ಲ.

ಊಟ ಅಲ್ಲಿಯದೇ ಶೈಲಿ, ಮೀಟ್ ಆ್ಯಂಡ್ ತ್ರೀ ಅಂತಾರೆ, ಒಂದು ಮಾಂಸ, ಮೂರು ಪಲ್ಯ. ಸಸ್ಯಾಹಾರಿಗಳು ಮೂರೂ ತರಕಾರಿ ಕೇಳಬಹುದು, ಆದ್ರೆ ಹುಷಾರು. ಅವರ ಪಟ್ಟಿಯಲ್ಲಿ ಚೀಸ್ ಹಾಕಿದ ಮ್ಯಾಕರೋನಿಯೂ ತರಕಾರಿ. ಬೀನ್ಸಿಗೂ ಸೊಪ್ಪಿಗೂ ಎಷ್ಟೋ ಕಡೆ ಹಂದಿಮಾಂಸ ಹಾಕಿ ಬೇಯಿಸಿರ್ತಾರೆ, ಕೇಳದೆ ತಿನ್ನಬೇಡಿ. ನನಗೆ ದಕ್ಕಿದ್ದು ಜೋಳದ ಹಿಟ್ಟಿನ ಬ್ರೆಡ್ಡು ಮತ್ತು ಕರಿದ ಬೆಂಡೆಕಾಯಿ. ಬೆಂಡೆಕಾಯಿ ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.

ಮಧ್ಯಾಹ್ನ ಬ್ರಾಡ್‌ವೇ ಬೀದಿ. ಸಾಲಾಗಿ ಬಾರುಗಳು, ಬಹುತೇಕ ಕಡೆ ಹಗಲಲ್ಲಿ ಒಳಗೆ ಹೋಗಲು ದುಡ್ಡಿಲ್ಲ, ಒಂದೊಂದರಲ್ಲೂ ಒಂದೊಂದು ತಂಡ. ಬೀದಿಯಲ್ಲಿ ನಿಂತರೆ ನಾಲ್ಕು ಹಾಡು ಒಟ್ಟಿಗೆ ಕಿವಿಗೆ ಬೀಳುತ್ತೆ, ಗಣಪತಿ ಹಬ್ಬದ ಡೊಂಬಿವಲಿ ಹಾಗೆ. ಮದುವೆಗೆ ಮೊದಲಿನ ಪಾರ್ಟಿಗೆ ಬಂದ ಹುಡುಗಿಯರ ಗುಂಪುಗಳ ಕೂಗಾಟ ಬೇರೆ. ನಿಜ ಹೇಳಬೇಕಂದ್ರೆ ಆ ಬೀದಿ ನನಗೆ ಅಷ್ಟು ಹಿಡಿಸಲಿಲ್ಲ. ಹಿಡಿಸಿದ್ದು ನೇರಳೆ ಬಣ್ಣದ ಟೂಟ್ಸೀಸ್ ಬಾರ್. ರೈಮನ್‌ಗೂ ಇದಕ್ಕೂ ನಡುವೆ ಒಂದು ಓಣಿ ಅಷ್ಟೇ. ಆಪ್ರಿಯ ಕಲಾವಿದರು ಹಿಂಬಾಗಿಲಿನಿಂದ ಬಂದು ಇಲ್ಲಿ ಕೂರ್ತಿದ್ರು. ಒಳಗೆ ಹಾಡ್ತಿದ್ದ ಹುಡುಗಿ ಬಿಡುವಿನಲ್ಲಿ ಬಕೆಟ್ ಹಿಡಿದು ಎಲ್ಲರ ಹತ್ತಿರ ಬಂದಳು. ಸಂಬಳ ಅಲ್ಪ, ಟಿಪ್ಸೇ ಗತಿ, ನಾಲ್ಕು ಗಂಟೆಯ ಪಾಳಿ ಅಂತ ಆಕೆ ವಿವರಿಸಿದರು. ಪಾಳಿ ಅಂದ ಕೂಡಲೇ ನಾನು ಐದರ ಬದಲು ಹತ್ತು ಡಾಲರ್ ಹಾಕಿದೆ.

ಸಂಜೆ ಕಂಬರ್‌ಲ್ಯಾಂಡ್ ನದಿಯ ಮೇಲಿನ ನಡೆಯುವವರ ಸೇತುವೆಯಲ್ಲಿ ನಿಂತು ಊರಿಗೆ ದೀಪ ಹತ್ತುವುದನ್ನು ನೋಡಿದೆವು. ಅಷ್ಟೊತ್ತಿಗೆ ನನ್ನ ಕಾಲು ಸಂಪು ಹೂಡಿತ್ತು. ಈಗ ಆಪ್ರಿ ನಡೆಯೋದು ಊರಾಚೆಯ ಹೊಸ ರಂಗಮಂದಿರದಲ್ಲಿ. 1974ರಲ್ಲಿ ಅಲ್ಲಿಗೆ ಹೋಗುವಾಗ ರೈಮನ್ ವೇದಿಕೆಯಿಂದ ಆರು ಅಡಿ ಅಗಲದ ಹಲಗೆಯ ವೃತ್ತ ಕೊಯ್ದು ಒಯ್ದು ಹೊಸ ವೇದಿಕೆಯ ನಡುವೆ ಕೂರಿಸಿದ್ದಾರೆ. ಹಾಡುವವರು ನಿಲ್ಲೋದು ಅದರ ಮೇಲೆ. 2010ರ ನೆರೆಯಲ್ಲಿ ಆ ವೇದಿಕೆ ಮುಳುಗಿದ್ರೂ ವೃತ್ತವನ್ನು ಉಳಿಸಿಕೊಂಡರು. ಅಲ್ಲಿಗೆ ಹೋಗುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಪರವಾಗಿಲ್ಲ, ನಮ್ಮಜ್ಜನೂ ಹೋದವನಲ್ಲ ಅಂತ ಆಕೆ ಕಾರಿನ ರೇಡಿಯೊ 650ಕ್ಕೆ ತಿರುಗಿಸಿದರು.

ಹೋಟೆಲ್ ಪಾರ್ಕಿಂಗ್ ಸೇರುವಾಗ ಏಳು. ಕಾರ್ಯಕ್ರಮ ಶುರುವಾಗ್ತಿತ್ತು. ಇಂಜಿನ್ ಆಫ್ ಮಾಡಿ, ರೇಡಿಯೊ ಆಫ್ ಮಾಡದೆ ಇಬ್ಬರೂ ಕೂತೆವು. ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಐದೂವರೆ, ತಂದೆ ಎದ್ದಿರ್ತಾರೆ. ಫೋನ್ ಹಚ್ಚಿ ರೇಡಿಯೊ ಹತ್ತಿರ ಹಿಡಿದೆ. ಎರಡು ಹಾಡು ಕೇಳಿದ ಮೇಲೆ, ಪಿಟೀಲು ಅಡ್ಡಿಲ್ಲ ಮಾರಾಯ, ಇವರಲ್ಲಿ ಚೆಂಡೆ ಇಲ್ವಾ ಅಂದರು. ಅದನ್ನು ಆಕೆಗೆ ಇಂಗ್ಲಿಷಲ್ಲಿ ಹೇಳಿದೆ. ಇಲ್ಲ, ಮೊದಮೊದಲು ಆಪ್ರಿಯಲ್ಲಿ ಡ್ರಮ್ಮಿಗೇ ಜಾಗ ಕೊಡ್ತಿರಲಿಲ್ಲ ಅಂತ ಹೇಳು ಅಂದರು. ಇಳಿಯುವಾಗ, ಸೋಮವಾರ ಎಂಟಕ್ಕೆ ಬರ್ತೀಯಲ್ಲ, ನನ್ನ ಪಕ್ಕದ ಕುರ್ಚಿ ಖಾಲಿ ಇಟ್ಟಿದ್ದೀನಿ, ಅಲ್ಲಿ ಎಸಿ ಗಾಳಿ ನೇರ ಹೊಡೆಯುತ್ತೆ, ಸ್ವೆಟರ್ ತಾ ಅಂದರು.