ಶಾಲೆ ಬದಲಿಸುವ ಶಿಕ್ಷಕಿಯರು ಮತ್ತು ಹೆರಿಗೆ ರಜೆಯ ವೇತನ



ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಶಿಕ್ಷಕ ವೃತ್ತಿಯನ್ನು ಕೈಗೊಂಡ ಮಹಿಳೆಯರು ಅನೇಕರಿದ್ದಾರೆ. ಪತಿಗೆ ವರ್ಗವಾದಾಗ ಕೆಲಸ ಬಿಟ್ಟು ಹೊರಡಬೇಕಾದವರೂ ಇವರೇ. ಹೊಸ ಊರಿನಲ್ಲಿ ಜೂನ್ ತಿಂಗಳಿಗೆ ಹೊಸ ಶಾಲೆ ಸೇರುತ್ತಾರೆ. ಅದೇ ವರ್ಷ ಹೆರಿಗೆಯೂ ಬಂದಿತೆಂದರೆ, "ನೀವು ಸೇರಿ ವರ್ಷ ತುಂಬಿಲ್ಲ, ಸಂಬಳಸಹಿತ ರಜೆ ಕೊಡಲಾಗದು" ಎಂಬ ಉತ್ತರ ಕಚೇರಿಯಿಂದ ಬರುವುದುಂಟು. ಈ ಉತ್ತರವು ಕಾನೂನಿಗೆ ಸಮ್ಮತವೇ ಎಂಬುದು ಇಂದಿನ ನನ್ನ ಭಾಷಣದ ವಿಷಯ.

ಮೊದಲು ಕಾನೂನಿನ ನೆಲೆಯನ್ನು ಗಮನಿಸೋಣ. 1961ರ ಹೆರಿಗೆ ಸೌಲಭ್ಯ ಅಧಿನಿಯಮವು ದೀರ್ಘಕಾಲ ಈ ಹಕ್ಕಿಗೆ ಆಧಾರವಾಗಿತ್ತು. 2017ರ ತಿದ್ದುಪಡಿಯಿಂದ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿತು. ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ತಾಯಿಗೆ 12 ವಾರಗಳೇ ಉಳಿದವು. ಈಗ ಈ ಉಪಬಂಧಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹೆಸರು ಬದಲಾಗಿದ್ದರೂ ಹಕ್ಕಿನ ತಿರುಳು ಹಾಗೆಯೇ ಇದೆ. ಕೆಲವರು ಇದನ್ನು 'ಹೆರಿಗೆ ಭತ್ಯೆ' ಎಂದು ಅನುವಾದಿಸುತ್ತಾರೆ. ನನಗೆ ಆ ಪದ ರುಚಿಸದು. ಭತ್ಯೆಯೆಂದರೆ ಸಂಬಳದ ಮೇಲೆ ಕೊಡುವ ಹೆಚ್ಚಳವೆಂಬ ಭಾವನೆ ಬರುತ್ತದೆ. ಇದಾದರೋ ದುಡಿಯಲಾಗದ ದಿನಗಳಲ್ಲಿ ಸಂಬಳದ ಸ್ಥಾನದಲ್ಲಿ ನಿಲ್ಲುವ ಹಣ.

ಇನ್ನು ಮುಖ್ಯ ವಿಷಯ. ಸೌಲಭ್ಯಕ್ಕೆ ಒಂದು ವರ್ಷದ ಸೇವೆ ಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಆದರೆ ಇಲ್ಲಿ ಒಂದು ತೊಡಕಿದೆ. ಯಾವ ಮಾಲೀಕನಿಂದ ಸೌಲಭ್ಯವನ್ನು ಕೇಳುತ್ತೇವೆಯೋ ಆ ಮಾಲೀಕನ ಸಂಸ್ಥೆಯಲ್ಲಿಯೇ ಈ 80 ದಿನಗಳು ಸಂದಿರಬೇಕು. ಮುಂಬಯಿಯ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿದ್ದರೂ ಪುಣೆಯ ಬೇರೊಂದು ಆಡಳಿತ ಮಂಡಳಿಯ ಶಾಲೆಯಲ್ಲಿ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಒಂದೇ ಆಡಳಿತ ಮಂಡಳಿಯ ಒಂದು ಶಾಲೆಯಿಂದ ಇನ್ನೊಂದಕ್ಕೆ ವರ್ಗವಾದರೆ ಮಾಲೀಕ ಒಬ್ಬನೇ ಆದುದರಿಂದ ಹಿಂದಿನ ದಿನಗಳು ಕಳೆದುಹೋಗವು.

ಉದಾಹರಣೆಗೆ, ನವೆಂಬರ್ 20ರಂದು ಹೆರಿಗೆ ನಿರೀಕ್ಷಿತವಾಗಿರುವ ಶಿಕ್ಷಕಿಯೊಬ್ಬರು ಜೂನ್ 10ರಂದು ಹೊಸ ಶಾಲೆ ಸೇರಿದರೆಂದು ಭಾವಿಸೋಣ. ಹೆರಿಗೆಗೆ ಮೊದಲು ಹೆಚ್ಚೆಂದರೆ ಎಂಟು ವಾರಗಳ ರಜೆಯನ್ನು ಪಡೆಯಬಹುದು. ಅಂದರೆ ಸೆಪ್ಟೆಂಬರ್ 25ರಿಂದ. ಅಷ್ಟರಲ್ಲಿ 107 ದಿನಗಳು ಕಳೆದಿರುತ್ತವೆ. ಭಾನುವಾರಗಳನ್ನೂ ಹಬ್ಬಗಳನ್ನೂ ಕಳೆದರೂ 80 ದಾಟುವ ಸಂಭವ ಹೆಚ್ಚು. ಕಾನೂನಿನ ಮೇರೆಗೆ ವೇತನಸಹಿತವೆಂದು ಘೋಷಿತವಾದ ರಜಾದಿನಗಳನ್ನು ದುಡಿದ ದಿನಗಳೆಂದೇ ಎಣಿಸತಕ್ಕದ್ದು. ಆಗಸ್ಟ್ 1ರಂದು ಸೇರಿದವರಿಗೆ ಸೆಪ್ಟೆಂಬರ್ 25ರ ಹೊತ್ತಿಗೆ 55 ದಿನಗಳಷ್ಟೇ. ಆದರೂ ಅವರು ಆಸೆ ಬಿಡಬೇಕಾಗಿಲ್ಲ. ಹೆರಿಗೆಗೆ ಮುನ್ನ ಎಂಟು ವಾರ ರಜೆ ಪಡೆಯುವುದು ಕಡ್ಡಾಯವಲ್ಲ. ಆರೋಗ್ಯ ಅನುಕೂಲವಾಗಿದ್ದು ವೈದ್ಯರು ಒಪ್ಪಿದರೆ ಇನ್ನಷ್ಟು ದಿನ ದುಡಿದು 80ನ್ನು ಪೂರೈಸಿ, ರಜೆಯ ಹೆಚ್ಚಿನ ಭಾಗವನ್ನು ಹೆರಿಗೆಯ ತರುವಾಯ ಪಡೆಯಬಹುದು. ಹೆರಿಗೆಯ ನಂತರದ ಆರು ವಾರ ಮಾತ್ರ ಯಾರೂ ಕೆಲಸ ಮಾಡಿಸುವಂತಿಲ್ಲ.

ಸೌಲಭ್ಯದ ಮೊತ್ತವು ರಜೆಗೆ ಹಿಂದಿನ ಮೂರು ತಿಂಗಳುಗಳ ಸರಾಸರಿ ದಿನವೇತನದಂತೆ ನಿಶ್ಚಯವಾಗುತ್ತದೆ. ಭಾನುವಾರಗಳಿಗೂ ಅದು ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ದಿನಗೂಲಿ ಮಹಿಳೆಯರಿಗೂ ಈ ಹಕ್ಕುಂಟೆಂದು 2000ದಲ್ಲಿ ದೆಹಲಿ ನಗರಪಾಲಿಕೆಯ ಮೊಕದ್ದಮೆಯಲ್ಲಿ ಹೇಳಿತು. ಗುತ್ತಿಗೆಯ ಅವಧಿ ಮುಗಿದ ಮೇಲೂ ಸೌಲಭ್ಯ ಮುಂದುವರಿಯತಕ್ಕದ್ದೆಂದು 2023ರಲ್ಲಿ ಸ್ಪಷ್ಟಪಡಿಸಿತು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿ ಜೂನ್‌ನಲ್ಲಿ ಮತ್ತೆ ನೇಮಿಸಿಕೊಳ್ಳುವ ಶಾಲೆಗಳ ಶಿಕ್ಷಕಿಯರು ಈ ಕೊನೆಯ ತೀರ್ಪನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರ ಸ್ಥಿತಿ ಬೇರೆ. ನನ್ನ ದೃಷ್ಟಿಯಲ್ಲಿ ಶಾಲೆ ಬದಲಿಸುವವರಿಗೆ ಇದೇ ಹೆಚ್ಚು ಉಪಕಾರಿ. ಅನೇಕ ರಾಜ್ಯಗಳು ಖಾಸಗಿ ಶಾಲೆಗಳನ್ನು ಈ ಯೋಜನೆಗೆ ಸೇರಿಸಿವೆ. ವೇತನದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಇಲ್ಲಿ ಹಣ ಕೊಡುವುದು ಶಾಲೆಯಲ್ಲ, ನಿಗಮ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿರಬೇಕು. ಆ ದಿನಗಳು ಯಾವ ಶಾಲೆಯವೆಂದು ನಿಗಮ ಕೇಳದು. ಮೇಲಿನ ಉದಾಹರಣೆಯ ಶಿಕ್ಷಕಿಗೆ ಮಾರ್ಚ್‌ವರೆಗೆ ಮುಂಬಯಿಯ ಶಾಲೆಯಲ್ಲಿ ಸಂದ ವಂತಿಗೆಯೇ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಹೊಸ ಶಾಲೆಯಲ್ಲಿ ಹಳೆಯ ವಿಮಾ ಸಂಖ್ಯೆಯನ್ನೇ ಬರೆಯಿಸಬೇಕು. ಹೊಸ ಸಂಖ್ಯೆ ಮಾಡಿಸಿದರೆ ಹಳೆಯ ದಿನಗಳನ್ನು ಜೋಡಿಸುವುದು ಕಷ್ಟ.

ಕೇಂದ್ರೀಯ ವಿದ್ಯಾಲಯಗಳಲ್ಲಿರುವವರಿಗೆ ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳಂತೆ 180 ದಿನಗಳ ರಜೆ ದೊರೆಯುತ್ತದೆ. ಅಲ್ಲಿ 80 ದಿನಗಳ ನಿರ್ಬಂಧವಿಲ್ಲ. ಕಾಸರಗೋಡಿನ ಕನ್ನಡ ಸೋದರಿಯರಿಗೆ ಒಂದು ಮಾತು: ಕೇರಳ ಸರ್ಕಾರವು 2020ರಲ್ಲಿಯೇ ಖಾಸಗಿ ಶಿಕ್ಷಣ ಸಂಸ್ಥೆಗಳನ್ನು ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ತಂದಿತು.

ಕೊನೆಯದಾಗಿ ರಾಜೀನಾಮೆಯ ವಿಷಯ. ಗರ್ಭಿಣಿಯನ್ನು ಕೆಲಸದಿಂದ ತೆಗೆದುಹಾಕಿದರೂ, ಹಾಗೆ ತೆಗೆಯದಿದ್ದಲ್ಲಿ ಅವಳಿಗೆ ಸಲ್ಲುತ್ತಿದ್ದ ಸೌಲಭ್ಯ ನಷ್ಟವಾಗದು. ಅವಳು ಅರವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಾನಾಗಿ ರಾಜೀನಾಮೆ ಬರೆದುಕೊಟ್ಟವಳಿಗೆ ಈ ರಕ್ಷಣೆಯನ್ನು ಕೇಳುವುದು ಕಠಿಣ. "ಈಗ ರಾಜೀನಾಮೆ ಕೊಡಿ, ಮಗು ದೊಡ್ಡದಾದ ಮೇಲೆ ಮತ್ತೆ ಬನ್ನಿ" ಎಂದು ಮುಖ್ಯೋಪಾಧ್ಯಾಯರು ಎಷ್ಟೇ ಸೌಜನ್ಯದಿಂದ ಹೇಳಿದರೂ ಸಹಿ ಹಾಕುವ ಮುನ್ನ ರಜೆಗಾಗಿ ಲಿಖಿತ ಸೂಚನೆಯನ್ನು ಕೊಟ್ಟು, ಅದರ ಪ್ರತಿಯ ಮೇಲೆ ಕಚೇರಿಯ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಿ. ನೇಮಕಾತಿ ಪತ್ರ, ವೇತನ ಚೀಟಿಗಳು ಮತ್ತು ವೈದ್ಯರ ಪ್ರಮಾಣಪತ್ರಗಳು ಅದರೊಡನೆ ಇರಲಿ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿಯೂ, ಉಳಿದುದನ್ನು ಹೆರಿಗೆಯ ಪ್ರಮಾಣಪತ್ರ ಸಲ್ಲಿಸಿದ 48 ಗಂಟೆಗಳೊಳಗಾಗಿಯೂ ಶಾಲೆ ಪಾವತಿ ಮಾಡಬೇಕು. ಮಾಡದಿದ್ದಲ್ಲಿ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು.