ಶಿಕಾಗೊದಿಂದ ಮಿನಿಯಾಪೊಲಿಸ್‌ಗೆ ಮನೆ ಶಿಫ್ಟ್: ದುಡ್ಡು ಸಾಕು, ತಾರೀಖು ಸಾಲಲ್ಲ

ಇವತ್ತಿನ ವಿಷಯ ಕೇಳಿದ್ರೆ ನಗ್ತೀರಿ. ನಾನು ದಾವಣಗೆರೆಯಲ್ಲಿ ಕೂತು ಅಮೆರಿಕದ ಎರಡು ಊರುಗಳ ನಡುವೆ ಮನೆ ಶಿಫ್ಟ್ ಮಾಡೋದರ ಬಜೆಟ್ ಹೇಳ್ತೀನಿ.

ಯಾಕೆ ಅಂದ್ರೆ ನನ್ನ ತಮ್ಮ ಶಿಕಾಗೊದಲ್ಲಿ ಎಂಎಸ್ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದ. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಅದಕ್ಕಿಂತ ಒಳ್ಳೆ ಕೆಲಸ ಸಿಕ್ತು. ಅವನು ಎಂಜಿನಿಯರ್, ನಾನು ಬಿಕಾಂ. ಹಾಗಾಗಿ ಮನೆಯ ಲೆಕ್ಕ ಯಾವತ್ತೂ ನನ್ನ ತಲೆ ಮೇಲೆ. ಒಂದು ಶೀಟ್ ಓಪನ್ ಮಾಡಿ, ಇಬ್ಬರೂ ಫೋನಲ್ಲಿ ಕೂತು ಇದನ್ನ ಮಾಡಿದ್ವಿ. ನಿಮ್ಮ ಮನೆಯಿಂದಲೂ ಯಾರಾದ್ರೂ ಅಲ್ಲಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ.

ಮೊದಲು ಜಾಗದ ಪರಿಚಯ. ಎರಡೂ ಊರು ಅಮೆರಿಕದ ಮಿಡ್‌ವೆಸ್ಟ್ ಭಾಗದಲ್ಲಿವೆ. ಶಿಕಾಗೊ ಇಲಿನಾಯ್ ರಾಜ್ಯದಲ್ಲಿ, ಮಿನಿಯಾಪೊಲಿಸ್ ಮಿನೆಸೋಟಾದಲ್ಲಿ. ಮಧ್ಯದಲ್ಲಿ ವಿಸ್ಕಾನ್ಸಿನ್ ರಾಜ್ಯ ದಾಟಬೇಕು. ಸುಮಾರು 400 ಮೈಲಿ, ನಮ್ಮ ಲೆಕ್ಕದಲ್ಲಿ 650 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿಂದ ಬೀದರ್‌ಗೆ ಹೋದಷ್ಟು. ಕಾರಲ್ಲಿ ಆರು ಗಂಟೆ, ಸಾಮಾನು ತುಂಬಿದ ಟ್ರಕ್ಕಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ತಮ್ಮ ಹೇಳಿದ್ದು ಇಷ್ಟೇ: "ಅಕ್ಕ, ಟೆನ್ಷನ್ ಬೇಡ. ಕಂಪನಿ ಶಿಫ್ಟಿಂಗ್‌ಗೆ ಅಂತ 3,000 ಡಾಲರ್ ಕೊಡುತ್ತೆ. ಖರ್ಚು ಅಷ್ಟೂ ಆಗಲ್ಲ." ಅವನು ಹೇಳಿದ್ದು ಸುಳ್ಳಲ್ಲ. ಆದ್ರೆ ಅವನ ಎಜುಕೇಷನ್ ಲೋನ್‌ಗೆ ನಮ್ಮಪ್ಪ ಕೋ-ಅಪ್ಲಿಕೆಂಟ್. ಪ್ರತಿ ತಿಂಗಳು 10ನೇ ತಾರೀಖು ಇಎಂಐ ಹೋಗಬೇಕು. ಅಪ್ಪನ ಅಂಗಡಿಯ ಸಿಸಿ ಲೋನ್ ರಿನ್ಯೂವಲ್ ಇದ್ದಿದ್ದು ಆಗಸ್ಟ್‌ನಲ್ಲಿ. ಆ ಟೈಮಲ್ಲಿ ತಮ್ಮನ ಒಂದು ಇಎಂಐ ಬೌನ್ಸ್ ಆದ್ರೂ ಅದು ಅಪ್ಪನ ಸಿಬಿಲ್ ರಿಪೋರ್ಟಲ್ಲಿ ಕಾಣುತ್ತೆ. ಮಿನಿಯಾಪೊಲಿಸ್‌ನಲ್ಲಿ ಟ್ರಕ್ ಇಳಿಸೋ ದಿನಕ್ಕೂ ದಾವಣಗೆರೆಯ ಅಂಗಡಿಗೂ ಇದ್ದ ಸಂಬಂಧ ಇದು.

ಈಗ ಲೆಕ್ಕ. ಸಾಧ್ಯ ಆದ್ರೆ ಪೇಪರ್ ಪೆನ್ ತೊಗೊಳ್ಳಿ.

ಬಾಡಿಗೆ ಟ್ರಕ್ 520 ಡಾಲರ್. ಡೀಸೆಲ್-ಪೆಟ್ರೋಲು, ಟೋಲ್ ಎಲ್ಲ ಸೇರಿ 130. ಎರಡೂ ಕಡೆ ಸಾಮಾನು ಹತ್ತಿಸಿ ಇಳಿಸೋಕೆ ಆಳುಗಳಿಗೆ 300. ಡಬ್ಬ, ಟೇಪು, ಕ್ಲೀನಿಂಗ್, ದಾರಿ ಊಟ 150. ಹೊಸ ಮನೆಯ ಅರ್ಜಿ ಶುಲ್ಕ 100. ಹಳೇ ಮನೆ ಲೀಸ್ ಜುಲೈ 31ರವರೆಗೆ ಇತ್ತು, ಹೊಸ ಮನೆ ಜುಲೈ 10ಕ್ಕೇ ಶುರು. ಅಂದ್ರೆ 22 ದಿನ ಎರಡೂ ಕಡೆ ಬಾಡಿಗೆ. ಆ 22 ದಿನಕ್ಕೆ ಹೊಸ ಮನೆಗೆ ಕೊಟ್ಟಿದ್ದು 960. ಎಲ್ಲ ಕೂಡಿಸಿ: 2,160 ಡಾಲರ್.

ಕಂಪನಿ ಕೊಡೋ 3,000 ಪೂರ್ತಿ ಕೈಗೆ ಬರಲ್ಲ. ಮೊದಲೆಲ್ಲ ಅಮೆರಿಕದಲ್ಲಿ ಕೆಲಸಕ್ಕಾಗಿ ಊರು ಬದಲಿಸಿದ್ರೆ ಆ ಖರ್ಚಿಗೆ ತೆರಿಗೆ ವಿನಾಯಿತಿ ಸಿಗ್ತಿತ್ತು. 2018ರಿಂದ ಸೇನೆಯಲ್ಲಿರೋರ ಥರದ ಕೆಲವರನ್ನ ಬಿಟ್ಟು ಉಳಿದವರಿಗೆ ಅದು ನಿಂತುಹೋಯ್ತು. ಕಂಪನಿ ಕೊಟ್ಟ ಹಣವೂ ಸಂಬಳದ ಥರಾನೇ ತೆರಿಗೆಗೆ ಸೇರುತ್ತೆ. ಇಂಥ ಹೆಚ್ಚುವರಿ ಪಾವತಿಗೆ ಸಾಮಾನ್ಯವಾಗಿ ಫೆಡರಲ್ ತೆರಿಗೆ 22%, ಮಿನೆಸೋಟಾ ತೆರಿಗೆ 6.25% ಮೊದಲೇ ಹಿಡೀತಾರೆ. ತಮ್ಮ ಎಫ್-1 ವೀಸಾದಲ್ಲಿ ಹೊಸಬ ಆಗಿದ್ದರಿಂದ ಸೋಷಿಯಲ್ ಸೆಕ್ಯುರಿಟಿ ಕಡಿತ ಇಲ್ಲ. ಎಚ್-1ಬಿಯಲ್ಲಿ ಇರೋರಿಗೆ ಅದೂ ಸೇರಿ ಇನ್ನೊಂದು 7.65% ಹೋಗುತ್ತೆ. ಅಂತೂ ಅವನ ಕೈಗೆ ಬರೋದು ಸುಮಾರು 2,150.

ಖರ್ಚು 2,160, ಬರೋದು 2,150. ಲಾಭ-ನಷ್ಟದ ಲೆಕ್ಕದಲ್ಲಿ ನೋಡಿದ್ರೆ ಈ ಶಿಫ್ಟಿಂಗ್ ಹೆಚ್ಚುಕಮ್ಮಿ ಫ್ರೀ! ತಮ್ಮ ನಿಲ್ಲಿಸಿದ್ದು ಇಲ್ಲೇ. ಬಿಕಾಂ ಮಾಡಿದವರು ಇಲ್ಲಿ ನಿಲ್ಲಬಾರದು. ನಮಗೆ ಕ್ಯಾಶ್ ಫ್ಲೋ ಅಂತ ಇನ್ನೊಂದು ಪಾಠ ಇತ್ತಲ್ಲ? ದುಡ್ಡು ಎಷ್ಟು ಅನ್ನೋದು ಒಂದು ಪ್ರಶ್ನೆ, ಯಾವತ್ತು ಅನ್ನೋದು ಬೇರೆ ಪ್ರಶ್ನೆ.

ಅದೇ ಲೆಕ್ಕವನ್ನ ತಾರೀಖು ಹಾಕಿ ಬರೆಯೋಣ.

ಜುಲೈ 1ಕ್ಕೆ ಅವನ ಅಕೌಂಟಲ್ಲಿ 4,100 ಡಾಲರ್. ಅವತ್ತೇ ಶಿಕಾಗೊ ಬಾಡಿಗೆ 1,600 ಹೋಯ್ತು, ಉಳಿದಿದ್ದು 2,500. ಜುಲೈ 5ಕ್ಕೆ ಹೊಸ ಮನೆಯ ಡೆಪಾಸಿಟ್ 1,350, ಅರ್ಜಿ ಶುಲ್ಕ 100. ಉಳಿದಿದ್ದು 1,050. ಜುಲೈ 10ಕ್ಕೆ 22 ದಿನದ ಬಾಡಿಗೆ 960. ಉಳಿದಿದ್ದು ಬರೀ 90. ಅದೇ ದಿನ ಇಎಂಐ, ಸುಮಾರು 470 ಡಾಲರ್. ಅಲ್ಲಿಗೆ ಲೆಕ್ಕ ಮೈನಸ್‌ಗೆ ಹೋಯ್ತು. ಟ್ರಕ್ಕು ಇನ್ನೂ ಹೊರಟೇ ಇಲ್ಲ.

ಜುಲೈ 12ಕ್ಕೆ ಟ್ರಕ್, ಆಳು, ಡಬ್ಬ ಎಲ್ಲ ಸೇರಿ 1,100. 15ಕ್ಕೆ ಹಳೇ ಕಂಪನಿಯ ಕೊನೇ ಸಂಬಳ ಬರುತ್ತೆ, ಆದ್ರೆ ಅದು ಮೂರೇ ದಿನದ್ದು. ಬಾಕಿ ರಜೆ ದುಡ್ಡು ಸೇರಿ 500. ತಿಂಗಳ ಊಟ, ಇಂಟರ್‌ನೆಟ್, ಕರೆಂಟ್ ಕನೆಕ್ಷನ್‌ಗೆ 600. ಜುಲೈ 30ಕ್ಕೆ ಲೆಕ್ಕ ಎಲ್ಲಿ ನಿಲ್ಲುತ್ತೆ ಗೊತ್ತಾ? ಮೈನಸ್ 1,580 ಡಾಲರ್.

ಬರಬೇಕಾದ ದುಡ್ಡು ಯಾವಾಗ? ಹೊಸ ಕಂಪನಿಗೆ ಸೇರಿದ್ದು ಜುಲೈ 14, ಮೊದಲ ಸಂಬಳ 31ಕ್ಕೆ. ಆ 2,150 ಎರಡನೇ ಸಂಬಳದ ಜೊತೆ, ಆಗಸ್ಟ್ 14ಕ್ಕೆ. ಶಿಕಾಗೊದ ಹಳೇ ಡೆಪಾಸಿಟ್ 1,600 ವಾಪಸ್ ಮಾಡೋಕೆ ಮಾಲೀಕರಿಗೆ 45 ದಿನ ಟೈಮ್ ಇದೆ, ಅಂದ್ರೆ ಸೆಪ್ಟೆಂಬರ್ ಮಧ್ಯಕ್ಕೆ. ದುಡ್ಡು ಎಲ್ಲೂ ಕಳೆದುಹೋಗಿಲ್ಲ. ಕೊಡೋದೆಲ್ಲ ಜುಲೈನಲ್ಲಿ, ಬರೋದೆಲ್ಲ ಆಮೇಲೆ.

ಹಾಗಾದ್ರೆ ಜಾಯಿನಿಂಗ್ ಡೇಟ್ ಮುಂದೆ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಸಂಬಳವೂ ಅಷ್ಟೇ ಮುಂದೆ ಹೋಗುತ್ತೆ. ಅದಲ್ಲದೆ ಅವನು ಓಪಿಟಿಯಲ್ಲಿ ಇದ್ದ, ಅಂದ್ರೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗೋ ಅನುಮತಿ. ಅದರಲ್ಲಿ ಕೆಲಸ ಇಲ್ಲದ ದಿನಗಳಿಗೆ ಮಿತಿ ಇದೆ: ಒಟ್ಟು 90 ದಿನ, ಸ್ಟೆಮ್ ವಿಸ್ತರಣೆ ಸೇರಿದ್ರೆ 150. ಆ ದಿನಗಳನ್ನ ಸುಮ್ನೆ ಖರ್ಚು ಮಾಡೋದು ಬೇಡ ಅಂತ ನಿರ್ಧಾರ ಮಾಡಿದ್ವಿ.

ನಾವು ಮಾಡಿದ್ದು ನಾಲ್ಕು ಕೆಲಸ.

ಒಂದು, ಇಎಂಐ ಮೊದಲು. ಜುಲೈ 1ಕ್ಕೇ ಆ ತಿಂಗಳ ಇಎಂಐ ದುಡ್ಡು ಊರಿನ ಅಕೌಂಟ್‌ಗೆ ಬಂತು. ಉಳಿದಿದ್ದರಲ್ಲಿ ಶಿಫ್ಟಿಂಗ್. ಟ್ರಕ್ ಬಾಡಿಗೆ ಕ್ರೆಡಿಟ್ ಕಾರ್ಡಲ್ಲಿ ಕಟ್ಟಬಹುದು, ದಾವಣಗೆರೆಯ ಬ್ಯಾಂಕಿನ ಇಎಂಐಯನ್ನ ಅಮೆರಿಕದ ಕಾರ್ಡಲ್ಲಿ ಕಟ್ಟೋಕಾಗಲ್ಲ. ಸಾಲ ಮಾಡಿ ತೀರಿಸೋಕೆ ಆಗದ ಖರ್ಚು ಯಾವುದೋ ಅದಕ್ಕೆ ಮೊದಲ ಜಾಗ.

ಎರಡು, ಹಳೇ ಮನೆ ಸಬ್‌ಲೆಟ್. ಶಿಕಾಗೊ ನಗರದ ಬಾಡಿಗೆದಾರರ ಕಾನೂನು ಅನ್ವಯಿಸೋ ಮನೆಗಳಲ್ಲಿ, ಸರಿಯಾದ ಸಬ್‌ಲೆಟ್ ಬಂದ್ರೆ ಮಾಲೀಕರು ಎಕ್ಸ್‌ಟ್ರಾ ಶುಲ್ಕ ಕೇಳದೆ ಒಪ್ಪಬೇಕು. ಎಲ್ಲ ಮನೆಗೂ ಆ ಕಾನೂನು ಬರಲ್ಲ. ಮಾಲೀಕರೇ ವಾಸ ಇರೋ ಸಣ್ಣ ಕಟ್ಟಡಗಳು ಅದರಿಂದ ಹೊರಗೆ. ತಮ್ಮ ಮಾಲೀಕರ ಒಪ್ಪಿಗೆಯನ್ನ ಈಮೇಲ್‌ನಲ್ಲೇ ತೊಗೊಂಡ. ಬೇಸಿಗೆ ಇಂಟರ್ನ್‌ಶಿಪ್‌ಗೆ ಬಂದ ಒಬ್ಬ ಹುಡುಗ ಜುಲೈ 12ರಿಂದ ತಿಂಗಳ ಕೊನೆವರೆಗೂ ಇದ್ದು 900 ಡಾಲರ್ ಕೊಟ್ಟ.

ಮೂರು, ಟ್ರಕ್ ಮತ್ತು ಆಳುಗಳ 1,100 ಕ್ರೆಡಿಟ್ ಕಾರ್ಡ್‌ಗೆ. ಹಾಕೋ ಮೊದಲು ಬಿಲ್ ಕಟ್ಟಬೇಕಾದ ತಾರೀಖು ನೋಡಿದ್ವಿ: ಆಗಸ್ಟ್ 12. ಪೂರ್ತಿ ಕಟ್ಟೋಕೆ ಆಗುತ್ತೆ ಅಂತ ಶೀಟ್ ಹೇಳಿದ್ರೆ ಮಾತ್ರ ಕಾರ್ಡ್. ಇಲ್ಲದಿದ್ರೆ ಬಡ್ಡಿ ನಮ್ಮನ್ನೇ ತಿನ್ನುತ್ತೆ.

ನಾಲ್ಕು, ಎಚ್‌ಆರ್‌ಗೆ ಒಂದು ಈಮೇಲ್. "ಶಿಫ್ಟಿಂಗ್ ಹಣವನ್ನ ಎರಡನೇ ಸಂಬಳದ ಬದಲು ಮೊದಲ ಸಂಬಳದ ಜೊತೆ ಕೊಡಬಹುದಾ?" ಅಷ್ಟೇ. ಜಾಸ್ತಿ ದುಡ್ಡು ಕೇಳಿಲ್ಲ, ಎರಡು ವಾರ ಮೊದಲು ಕೇಳಿದ್ದು. ಎರಡೇ ದಿನಕ್ಕೆ ಸರಿ ಅಂದ್ರು. ನಮ್ಮ ಹುಡುಗ್ರು ಆಫರ್ ಲೆಟರ್ ಬಂದ ಮೇಲೆ ಏನಾದ್ರೂ ಕೇಳೋಕೆ ಹಿಂಜರಿತಾರೆ. ಕೇಳಿ. ಬೇಡ ಅಂದ್ರೆ ಬೇಡ ಅಂತಾರೆ, ಕೆಲಸ ಕಿತ್ಕೊಳ್ಳಲ್ಲ.

ಇಷ್ಟಾದ ಮೇಲೆ ಅದೇ ಜುಲೈ 30ಕ್ಕೆ ಮೈನಸ್ 1,580 ಇದ್ದಿದ್ದು ಪ್ಲಸ್ 420 ಆಯ್ತು. ಸಂಬಳ ಒಂದು ರೂಪಾಯಿಯೂ ಹೆಚ್ಚಿಲ್ಲ.

ಇನ್ನು ಕೆಲವು ಸಣ್ಣ ವಿಷಯ, ಆದ್ರೆ ಮರೀಬೇಡಿ.

ಸಂಬಳ ಹೋಲಿಸುವಾಗ ರಾಜ್ಯದ ತೆರಿಗೆ ನೋಡಿ. ಇಲಿನಾಯ್‌ನಲ್ಲಿ ಎಲ್ಲರಿಗೂ ಒಂದೇ ದರ, 4.95%. ಮಿನೆಸೋಟಾದಲ್ಲಿ ಆದಾಯದ ಮೇಲೆ 5.35%ರಿಂದ 9.85%ವರೆಗೆ. ವರ್ಷದ ಮಧ್ಯೆ ಹೋದ್ರೆ ಎರಡೂ ರಾಜ್ಯಕ್ಕೆ ರಿಟರ್ನ್ ಹಾಕಬೇಕು. ಒಂದು ಖುಷಿ ವಿಷಯ, ಮಿನೆಸೋಟಾದಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಅಲ್ಲಿನ ಚಳಿಗೆ ಹೊಸ ಜಾಕೆಟ್ ಬೇಕಿದ್ರೆ ಶಿಕಾಗೊದಲ್ಲಿ ಕೊಳ್ಳಬೇಡಿ, ಹೋದ ಮೇಲೆ ಕೊಳ್ಳಿ.

ಸಂಸಾರ ಇರೋರು ಮೂವರ್ಸ್ ಕಂಪನಿಗೆ ಕೊಡ್ತೀರಿ. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಾಗ ಉಚಿತವಾಗಿ ಸಿಗೋ ಹೊಣೆಗಾರಿಕೆ ಒಂದು ಪೌಂಡ್ ತೂಕಕ್ಕೆ 60 ಸೆಂಟ್ ಮಾತ್ರ. 30 ಪೌಂಡ್ ತೂಕದ ಟಿವಿ ಒಡೆದ್ರೆ ಸಿಗೋದು 18 ಡಾಲರ್. ಪೂರ್ತಿ ಬೆಲೆಯ ರಕ್ಷಣೆ ಬೇಕಾ ಅಂತ ಸಹಿ ಹಾಕೋ ಮೊದಲೇ ಯೋಚಿಸಿ. ಅಂದಾಜು ಬೆಲೆ ಬೈಂಡಿಂಗ್ ಹೌದೋ ಅಲ್ವೋ ಕೇಳಿ. ಅಲ್ಲ ಅಂದ್ರೆ, ಸಾಮಾನು ಇಳಿಸುವಾಗ ಅಂದಾಜಿನ 110%ವರೆಗೂ ಕೇಳಬಹುದು. ಬಜೆಟ್‌ನಲ್ಲಿ ಆ 10% ಇಟ್ಕೊಂಡಿರಿ.

ವೀಸಾದಲ್ಲಿ ಇರೋರು ವಿಳಾಸ ಬದಲಾದ 10 ದಿನದೊಳಗೆ ತಿಳಿಸಬೇಕು. ಓಪಿಟಿಯವರು ಹೊಸ ಕಂಪನಿ ವಿವರವನ್ನೂ ಕೊಡಬೇಕು. ಎಚ್-1ಬಿಯವರು ಅದೇ ಕಂಪನಿಯಲ್ಲಿದ್ದು ಇಷ್ಟು ದೂರದ ಊರಿಗೆ ಹೋಗ್ತಿದ್ರೂ, ಕಂಪನಿ ಮೊದಲು ತಿದ್ದುಪಡಿ ಅರ್ಜಿ ಹಾಕಿರಬೇಕು. ಟ್ರಕ್ ಬುಕ್ ಮಾಡೋ ಮೊದಲು ಇದನ್ನ ಖಚಿತ ಮಾಡ್ಕೊಳ್ಳಿ. ಮಿನೆಸೋಟಾದ ಡ್ರೈವಿಂಗ್ ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್‌ಗೆ 60 ದಿನ ಟೈಮ್.

ಕೊನೇದಾಗಿ, ಇಲ್ಲಿ ಊರಲ್ಲಿರೋ ಅಕ್ಕ, ಅಣ್ಣ, ಅಪ್ಪ, ಅಮ್ಮಂದಿರಿಗೆ. ಹೊರಗಡೆ ಇರೋ ಮಕ್ಕಳು "ದುಡ್ಡು ಇದೆಯಾ?" ಅಂದ್ರೆ ಹೂಂ ಅಂತಲೇ ಅಂತಾರೆ. ಅದರ ಬದಲು ಕೇಳಿ: "ಮುಂದಿನ ಸಂಬಳ ಯಾವತ್ತು? ಅಲ್ಲಿವರೆಗೆ ಏನೇನು ಕಟ್ಟೋದಿದೆ?" ನನ್ನ ತಮ್ಮ ಆ ಪ್ರಶ್ನೆಗೆ ಉತ್ತರ ಹೇಳೋಕೆ ಹತ್ತು ನಿಮಿಷ ತೊಗೊಂಡ. ಆ ಹತ್ತು ನಿಮಿಷದಲ್ಲೇ ಇಡೀ ಶೀಟ್ ತಯಾರಾಯ್ತು.

ಅಪ್ಪನ ಸಿಸಿ ಲೋನ್ ಆಗಸ್ಟ್‌ನಲ್ಲಿ ರಿನ್ಯೂ ಆಯ್ತು. ಅವರಿಗೆ ಈ ಶೀಟ್ ವಿಷಯ ಗೊತ್ತಿಲ್ಲ, ಈ ಎಪಿಸೋಡ್ ಕೇಳಿದ್ರೆ ಗೊತ್ತಾಗುತ್ತೆ. ನಿಮ್ಮ ಶಿಫ್ಟಿಂಗ್ ಲೆಕ್ಕದಲ್ಲಿ ಯಾವ ತಾರೀಖು ಕಾಡ್ತಿದೆ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಅದರ ಬಗ್ಗೆ ಮಾತಾಡೋಣ.