ಹೆಸರು ಬೇಡ, ಹೊಣೆ ಬೇಕು

(ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಮಹಿಳಾ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣ)



ಹೊಡೆತ ತಿಂದ ಹೆಣ್ಣುಮಗಳು ತವರಿಗೆ ಬಂದಾಗ ನಮ್ಮ ಊರುಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ಎರಡೂ ಕಡೆಯ ಗಂಡಸರು ಮಾತಾಡುತ್ತಾರೆ. ಕೊನೆಗೆ ಆಕೆಗೆ ಒಂದೇ ಮಾತು: "ಹೊಂದಿಕೊಂಡು ಹೋಗವ್ವ." ಬಾಕಿ ಉಳಿದ ಬಂಗಾರ ಕೊಡಲು ತಂದೆಗೆ ತೊಗರಿ ರಾಶಿಯ ತನಕ ವಾಯಿದೆ. ಮನೆಯ ಮಾತು ಮನೆಯಲ್ಲಿರಲಿ ಎನ್ನುವವರೇ ಅದನ್ನು ಕಟ್ಟೆಗೆ ತರುತ್ತಾರೆ. ನಾವು ಗ್ರಾಮಸಭೆಯಲ್ಲಿ ಎತ್ತಿದರೆ ಮಾತ್ರ ಊರಿನ ಮಾನ ಹೋಗುತ್ತದೆಯಂತೆ!

ಈ ನೆಲಕ್ಕೆ ಹೆಣ್ಣಿನ ಮಾತು ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನಿಗೆ, ಅದನ್ನು ಅಲ್ಲೇ ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ ಎಂದು ಶರಣರ ಕಥೆಗಳು ಹೇಳುತ್ತವೆ. ಆಕೆಯ ಹೆಸರು ಹೇಳುವ ಮನೆಗಳಲ್ಲೇ ಇಂದು ವರದಕ್ಷಿಣೆ ಎಣಿಸುತ್ತಾರೆ.

ನಮಗೆ ಹಾದಿಗಳು ತೆರೆದದ್ದು ಒಂದೊಂದಾಗಿ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. 1989ರಲ್ಲಿ ಮಹಿಳಾ ಸಮಖ್ಯಾ ರಾಜ್ಯದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ನಮ್ಮ ಬೀದರವೂ ಒಂದು. ಸಹಯೋಗಿನಿಯರು ಹಳ್ಳಿ ಹಳ್ಳಿ ತಿರುಗಿ ಬಡ, ದಲಿತ ಹೆಣ್ಣುಮಕ್ಕಳ ಸಂಘ ಕಟ್ಟಿದರು. 1993ರ ಪಂಚಾಯತ್ ರಾಜ್ ಕಾಯ್ದೆ ಮೂರನೇ ಒಂದು ಭಾಗ ಮೀಸಲಿಟ್ಟಿತು. 2010ರಲ್ಲಿ ಅದು ಅರ್ಧವಾಯಿತು.

ಕುರ್ಚಿ ಸಿಕ್ಕಿತು. ಆದರೆ ಹಲವು ಕಡೆ ಹೆಂಡತಿ ಸಹಿ ಹಾಕುತ್ತಾಳೆ, ಗಂಡ ಅಧಿಕಾರ ನಡೆಸುತ್ತಾನೆ. ಒಬ್ಬಳೇ ಹೆಣ್ಣುಮಗಳನ್ನು ದೂರಿ ಏನು ಫಲ? ಆಕೆಯ ಬೆನ್ನಿಗೆ ನಾವು ಸಭೆಯಲ್ಲಿ ಕೂತಿದ್ದೇವೆಯೇ? ಸಂಘವಿಲ್ಲದ ಸದಸ್ಯೆ ಒಂಟಿ. ಸಂಘವಿದ್ದವಳಿಗೆ ದನಿ ಬರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ನೊಂದವಳ ಹೆಸರನ್ನು ತುಂಬಿದ ಸಭೆಯಲ್ಲಿ ಕೂಗಿದರೆ ಸಂಜೆ ಮತ್ತೆ ಹೊಡೆತ ತಿನ್ನುವವಳು ಅವಳೇ. ಆದ್ದರಿಂದ ಅವಳ ದೂರಿಗೆ ಒಂದು ದಾರಿ, ಊರಿನ ಹೊಣೆಗೆ ಇನ್ನೊಂದು ದಾರಿ.

ದೂರಿನ ದಾರಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ನೊಂದವಳೇ ಹೋಗಬೇಕೆಂದಿಲ್ಲ, ಯಾರು ಬೇಕಾದರೂ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಆಕೆಗೆ ಅಲ್ಲಿ ವಾಸಿಸುವ ಹಕ್ಕಿದೆ. ಹಿಂದೆ ನಾವು 498ಎ ಎನ್ನುತ್ತಿದ್ದ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಹೆಸರು ಬದಲಾಗಿದೆ, ಕಾನೂನು ಹೋಗಿಲ್ಲ. ರಾತ್ರಿ ಹೊತ್ತು ನೆನಪಿಡಬೇಕಾದ ಸಹಾಯವಾಣಿ 181.

ಇನ್ನು ಊರಿನ ಹೊಣೆ. ಗ್ರಾಮ ಪಂಚಾಯಿತಿ ಕೋರ್ಟಲ್ಲ, ಗಂಡನಿಗೆ ಶಿಕ್ಷೆ ಕೊಡಲಾರದು. ಆದರೆ ಅದರಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇದೆ. ಮಹಿಳೆಯರಿಗೆ, ದುರ್ಬಲರಿಗೆ ನ್ಯಾಯ ದೊರಕಿಸುವುದು ಅದರ ಕೆಲಸವೆಂದು ಕಾಯ್ದೆಯೇ ಹೇಳುತ್ತದೆ. ಆ ಸಮಿತಿ ಸೇರಿತೇ, ಏನು ಮಾಡಿತು ಎಂದು ಕೇಳಿರಿ. ಸಂರಕ್ಷಣಾಧಿಕಾರಿಯ ಹೆಸರು, ಫೋನ್ ನಂಬರು ಪಂಚಾಯಿತಿ ಗೋಡೆಯ ಮೇಲೆ ಬರೆಸಿರಿ. ನಮ್ಮ ಗಡಿಯಲ್ಲಿ ಕನ್ನಡದಷ್ಟೇ ಮರಾಠಿ, ಉರ್ದು ಆಡುವ ಅಕ್ಕಂದಿರಿದ್ದಾರೆ. ಅವರಿಗೂ ತಿಳಿಯುವಂತೆ ಬರೆಸಿರಿ. ಬರೀ ಬಾಯಿಮಾತಿಗೆ ಒಪ್ಪಬೇಡಿರಿ. ಠರಾವು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಓದಿಸಿ ಕೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು.

ಗಟಾರ, ಬೀದಿದೀಪ, ನೀರಿನ ನಳ ಊರಿನ ವಿಷಯವಾದರೆ ಊರಿನ ಮಗಳ ಜೀವವೂ ಊರಿನ ವಿಷಯವೇ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ಒಬ್ಬಿಬ್ಬರು ಹೋಗಬೇಡಿರಿ. ಓಣಿ ಓಣಿಯಿಂದ ಕೂಡಿ ಹೋಗಿರಿ, ಮುಂದಿನ ಸಾಲಿನಲ್ಲಿ ಕೂಡಿರಿ.